ಸೋಮವಾರ ಅರ್ಧಕ್ಕೆ ನಿಂತ ಬ್ರೌಸರ್

ಹಿತ್ತಾಳೆ ಕೊಡ ಉರುಳಿ ಬಿದ್ದ ದಿನದಿಂದ ಸಂಗೀತಾಳ ಎದೆಯೊಳಗೆ ಒಂದು ಹುಳ ಹೊಕ್ಕು ಕೂತಿತ್ತು. ಬೆಕ್ಕು ಹಾರಿ ಅಡುಗೆಮನೆಯ ಗೂಡಿನಲ್ಲಿದ್ದ ಕೊಡ ಬಂಡೆಗಲ್ಲಿನ ನೆಲಕ್ಕೆ ಬಿದ್ದಾಗ ಕೊಟ್ಟೂರಿನ ಆ ಮಾಳಿಗೆ ಮನೆ ಗಂಟೆಯ ಹಾಗೆ ಗುಂಯ್‌ಗುಟ್ಟಿತು. ಹಿತ್ತಲಲ್ಲಿ ಕಟ್ಟಿದ್ದ ಎತ್ತುಗಳು ಬೆದರಿ ಕಣ್ಣಿ ಜಗ್ಗಿದವು. ಅತ್ತೆ ಗಾದೆಮ್ಮ "ಎವ್ವಾ, ಏನ್ ಬಿತ್ತಲೇ!" ಎಂದು ಮೊರ ಕೈಬಿಟ್ಟಳು. ಆದರೆ ಕೊಡದಿಂದ ಮಾರು ದೂರದಲ್ಲಿ ಬೆನ್ನು ಹಾಕಿ ಕೂತಿದ್ದ ಮಗ ಚನ್ನು, ಜೋಳದ ಕಾಳುಗಳನ್ನು ಬೆಂಕಿಪೆಟ್ಟಿಗೆಗೆ ತುಂಬುತ್ತಿದ್ದವನು, ತುಂಬುತ್ತಲೇ ಇದ್ದ. ತಲೆ ಎತ್ತಲಿಲ್ಲ. ಹೆಗಲು ಕೂಡ ಅದುರಲಿಲ್ಲ.

ಚನ್ನಬಸವನಿಗೆ ಆಗ ಎರಡು ತುಂಬಿ ಕೆಲವು ತಿಂಗಳಾಗಿತ್ತು. ಮಾತೆಂಬುದು ಇನ್ನೂ ಬಂದಿರಲಿಲ್ಲ. ಓಣಿಯಲ್ಲಿ ಅವನ ಓರಗೆಯ ಮಕ್ಕಳು ಕಾಗೆಗೆ ಬೈಯುವಷ್ಟು ಮಾತು ಕಲಿತಿದ್ದವು.

"ಗಂಡು ಹುಡುಗ್ರು ಮಾತಿಗೆ ತಡ ಮಾಡ್ತಾವು ಬಿಡವ್ವ," ಎಂದು ಗಾದೆಮ್ಮ ಮೊದಲಿನಿಂದಲೂ ಹೇಳುತ್ತಿದ್ದಳು. "ನಿನ್ನ ಗಂಡ ನಾಕು ವರ್ಷಕ್ಕ ಬಾಯಿ ಬಿಟ್ಟಾನ. ಈಗ ನೋಡು, ಮುಚ್ಚಸಾಕ ಆಗವಲ್ದು!"

ಆ ಮಾತಿಗೆ ಮನೆಯವರೆಲ್ಲ ನಗುತ್ತಿದ್ದರು, ಸಂಗೀತಾಳೂ ನಗುತ್ತಿದ್ದಳು. ಕೊಡ ಬಿದ್ದ ಮೇಲೆ ಮಾತ್ರ ಅವಳಿಗೆ ನಗು ಬರಲಿಲ್ಲ. ಅಂದಿನಿಂದ ಅವಳು ಮಗನ ಬೆನ್ನ ಹಿಂದೆ ಕಳ್ಳಿಯಂತೆ ನಿಂತು ತಟ್ಟೆ ಬಡಿಯತೊಡಗಿದಳು. ಒಮ್ಮೊಮ್ಮೆ ಅವನು ತಿರುಗುತ್ತಿದ್ದ. ಆಗ ಹೋದ ಜೀವ ಬಂದಂತಾಗುತ್ತಿತ್ತು. ಆಮೇಲೆ ನೋಡಿದರೆ ತನ್ನ ನೆರಳು ಅವನ ಮುಂದೆ ಬಿದ್ದಿರುತ್ತಿತ್ತು. ನೆರಳಿಲ್ಲದ ಕಡೆ ನಿಂತು ಬಡಿದರೆ ಅವನು ತಿರುಗುತ್ತಿರಲಿಲ್ಲ. ಆಗ, ಆಟದ ಗುಂಗಿನಲ್ಲಿದ್ದಾನೆ ಎಂದು ತಾನೇ ತನಗೆ ಹೇಳಿಕೊಳ್ಳುತ್ತಿದ್ದಳು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಹೆದರಿಕೆಗೂ ಅವಳಿಗೂ ಹಳೆಯ ನಂಟು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಕಂಪ್ಯೂಟರ್ ಕ್ಲಾಸಿಗೂ ಹೋದವಳು. ಪರೀಕ್ಷೆಯ ದಿನ ಹಾಲ್ ಟಿಕೆಟ್ ಇದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಚೀಲ ತೆಗೆದು ನೋಡುತ್ತಿದ್ದ ಹುಡುಗಿ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಗ್ಯಾಸಿನ ತಿರುಪು ಮುಚ್ಚಿದೆಯೇ ಎಂದು ಮಲಗಿದವಳು ಎದ್ದು ಹೋಗಿ ನೋಡುವುದು, ಕಾಯಿಸಿದ ನೀರನ್ನೇ ಮತ್ತೆ ಕಾಯಿಸುವುದು, ಮಗು ತುಸು ಹೆಚ್ಚು ಮಲಗಿದರೆ ಮೂಗಿನ ಬಳಿ ಬೆರಳಿಟ್ಟು ನೋಡುವುದು. ಓಣಿಯವರು ಅವಳನ್ನು "ದಾವಣಗೇರಿ ಸೊಸಿ" ಎನ್ನುತ್ತಿದ್ದರು. ಮುನಿಸಿನಿಂದಲ್ಲ. ಮಾತ್ರೆಯ ಮೇಲಿನ ಇಂಗ್ಲಿಷ್ ಓದಿಸಲು ಅವಳ ಬಳಿಯೇ ಬರುತ್ತಿದ್ದರು. ಓದಿದವಳು, ಎಲ್ಲಾ ತಿಳಿದವಳು ಎಂಬ ಆ ಹೆಸರೇ ಈಗ ಅವಳಿಗೆ ಭಾರವಾಗಿತ್ತು. ತಿಳಿದವಳು ತಿಳಿಯದ ಮಾತನ್ನು ಯಾರ ಬಳಿ ಕೇಳಬೇಕು?

ಗಂಡ ಗಾದಿಲಿಂಗಪ್ಪ ಹರಪನಹಳ್ಳಿ ಸೀಮೆಯ ಅರಸೀಕೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವವನು. ಒಂದು ಸಂಜೆ ಅವಳು ಧೈರ್ಯ ಮಾಡಿ, "ರೀ, ನಮ್ಮ ಚನ್ನು..." ಎಂದು ಶುರುಮಾಡಿದಳು.

"ಏನಾತು? ಜ್ವರಾನಾ?"

"ಇಲ್ಲ."

"ಬಿದ್ದನೇನು?"

"ಇಲ್ಲ. ಏನಿಲ್ಲ ಬಿಡಿ."

"ನಿನಗ ಚಿಂತಿ ಮಾಡಾಕ ದಿನಾ ಏನಾರ ಒಂದು ಬೇಕು ನೋಡು. ಯಾವುದೂ ಸಿಗಲಿಲ್ಲಂದ್ರ ನನ್ನ ಕೇಳು, ನಮ್ಮ ಹೆಡ್‌ಮಾಸ್ಟರ್ ಕಡಿಂದ ಒಂದೆರಡು ತಂದು ಕೊಡ್ತೀನಿ," ಎಂದು ಅವನು ನಕ್ಕು ಕೈಕಾಲು ತೊಳೆಯಲು ಹೋದ. ಮಾತು ಅಲ್ಲಿಗೆ ಮುಗಿಯಿತು.

ಕಡೆಗೆ ಅವಳು ದಾವಣಗೆರೆಯ ಗೆಳತಿ ಯಶೋಧಾಳಿಗೆ ಫೋನು ಮಾಡಿ, ಯಾರದೋ ಮಗುವಿನ ವಿಷಯ ಎಂಬಂತೆ ಸುತ್ತಿ ಬಳಸಿ ಕೇಳಿದಳು. ಯಶೋಧಾ ಹೇಳಿದ್ದು ಎರಡು ಮಾತು. ಒಂದು, ಕಿವಿಯ ತೊಂದರೆ ಇದ್ದರೆ ಬೇಗ ತೋರಿಸಬೇಕು, ಮೂರು ವರ್ಷದೊಳಗೆ ಹಿಡಿದರೆ ಮಾತು ಕಲಿಸುವುದು ಹಗುರ, ತಡವಾದಷ್ಟೂ ಕಷ್ಟ. ಇನ್ನೊಂದು, ಅಲ್ಲಿನ ಕಿವಿ ಡಾಕ್ಟರೊಬ್ಬರು ಇಂಟರ್ನೆಟ್ಟಿನಲ್ಲಿ ಒಂದು ಪುಟ ಇಟ್ಟಿದ್ದಾರೆ. ಅದರಲ್ಲಿ ಹಕ್ಕಿ, ಗಂಟೆ, ನಾಯಿ, ಡೋಲು ಹೀಗೆ ಸದ್ದುಗಳಿವೆ. ಮನೆಯಲ್ಲೇ ನುಡಿಸಿ ಮಗು ಯಾವುದಕ್ಕೆ ತಿರುಗುತ್ತದೆ ನೋಡಬಹುದು.

ಮೊದಲನೆಯ ಮಾತು ಅವಳ ನಿದ್ದೆ ಕೆಡಿಸಿತು. ಎರಡನೆಯದನ್ನು ಅವಳು ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ ಹಿಡಿದುಕೊಂಡಳು. ತಟ್ಟೆಯ ಸದ್ದನ್ನು ನಂಬಲಾಗದು. ಡಾಕ್ಟರ ಸದ್ದಿಗೆ ಚನ್ನು ತಿರುಗಿದರೆ ಮುಗಿಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇತ್ತು. ಗಾದಿಲಿಂಗಪ್ಪನ ಗೆಳೆಯ ಶ್ರೀನಾಥ ಹರಪನಹಳ್ಳಿಯ ಕಾಲೇಜಿನಲ್ಲಿ ಲೆಕ್ಚರರ್. ಅಲ್ಲಿ ಹೊಸವು ಬಂದಾಗ ಹಳೆಯದೊಂದನ್ನು ತಂದು, ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಕೊಟ್ಟು ಹೋಗಿದ್ದ. "ಇದಕ್ಕ ವೈರಸ್ ಬರಂಗಿಲ್ಲ, ಮಾಡಿದವರು ಊರಿಗೆಲ್ಲ ಪುಗಸಟ್ಟೆ ಕೊಟ್ಟಾರ, ಚಿಂತಿ ಬ್ಯಾಡ," ಎಂದಿದ್ದ. ಸಂಗೀತಾ ಕ್ಲಾಸಿನಲ್ಲಿ ಕಲಿತಿದ್ದು ಬೇರೆ, ಇದು ಬೇರೆ. ಆದರೂ ತೆಗೆಯುವುದು ಮುಚ್ಚುವುದು ಬರುತ್ತಿತ್ತು. ಫೋನಿನ ತಂತಿ ಸಿಕ್ಕಿಸಿದರೆ ಇಂಟರ್ನೆಟ್ಟೂ ಬರುತ್ತಿತ್ತು.

ಡಾಕ್ಟರ ಪುಟ ತೆರೆದುಕೊಂಡಿತು, ನಿಜ. ಆದರೆ ಹಕ್ಕಿ ಇರಬೇಕಾದ ಕಡೆ ಒಂದು ಬೂದು ಚೌಕ. ಗಂಟೆ ಇರಬೇಕಾದ ಕಡೆಯೂ ಅದೇ. ಒತ್ತಿದರೆ, ನಿಮ್ಮ ಬ್ರೌಸರ್ ಹಳೆಯದು, ಹೊಸದು ಹಾಕಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಬ್ರೌಸರ್ ಎಂದರೆ ಇಂಟರ್ನೆಟ್ ನೋಡುವ ಕಿಟಕಿ. ಅಷ್ಟು ಅವಳಿಗೆ ಗೊತ್ತಿತ್ತು. ಹಾಕಿಕೊಳ್ಳುವುದು ಎಷ್ಟರ ಕೆಲಸ ಎಂದುಕೊಂಡಳು.

ಆ ಕೆಲಸ ಅವಳನ್ನು ನುಂಗಿತು.

ಹೊಸ ಬ್ರೌಸರಿನ ಫೈಲು ಇಳಿಯುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಅದರ ಮೇಲೆ ಒತ್ತಿದರೆ ಪರದೆ ತುಂಬ ಗೋಜಲು ಅಕ್ಷರ, ಇರುವೆ ಸಾಲು ಕೆದರಿದ ಹಾಗೆ. ಹೊಲದಿಂದ ಬಂದ ಮೈದುನ ಮೈಲಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಇಣುಕಿದ.

"ಅತ್ತಿಗೆಮ್ಮ, ಇದು ಯಾವ ಭಾಷಿರಿ? ತೆಲುಗೇನು?"

"ನನಗೂ ಗೊತ್ತಿಲ್ಲಪ್ಪ."

"ನಿಮಗೇ ಗೊತ್ತಿಲ್ಲಂದ್ರ ಮುಗೀತು. ಅದು ದೇವರು ಬರದದ್ದೇ ಇರಬೇಕು," ಎಂದು ಎತ್ತಿಗೆ ನೀರು ತೋರಿಸಲು ಹೋದ.

ಮರುದಿನ ಶ್ರೀನಾಥನಿಗೆ ಫೋನು ಮಾಡಿದಳು. ಅವನು ಬೇರೆ ದಾರಿ ಹೇಳಿದ. ಕರಿಯ ಪರದೆ ತೆರೆದು, ಅದರಲ್ಲಿ ಅಪ್ಪಣೆ ಬರೆದು, ಪಾಸ್‌ವರ್ಡ್ ಕೊಡಬೇಕು. ಆದರೆ ಫೋನಿನ ತಂತಿ ಒಂದೇ. ಅವನೊಂದಿಗೆ ಮಾತಾಡುವಾಗ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇರುವಾಗ ಅವನಿಲ್ಲ. ಅವನು ಹೇಳಿದ್ದನ್ನು ಮಂತ್ರದಂತೆ ಬಾಯಲ್ಲಿ ಹೇಳಿಕೊಳ್ಳುತ್ತ ಫೋನಿಟ್ಟು, ತಂತಿ ಸಿಕ್ಕಿಸಿ, ಬರೆದಳು. ಪಾಸ್‌ವರ್ಡ್ ಕೇಳಿತು. ಒತ್ತಿದಳು. ಒಂದಕ್ಷರವೂ ಮೂಡಲಿಲ್ಲ. ಮತ್ತೆ ಒತ್ತಿದಳು, ಬೆರಳು ನೋಯುವಷ್ಟು. ಚುಕ್ಕಿ ಕೂಡ ಇಲ್ಲ. ಕೀಬೋರ್ಡ್ ಕೆಟ್ಟಿತೆಂದು ಎತ್ತಿ ಬೋರಲು ಹಾಕಿ ಕೊಡವಿದಳು. ಚನ್ನು ತಿಂದು ಚೆಲ್ಲಿದ ಪುಟಾಣಿ, ಒಂದು ತಲೆಗೂದಲು, ಮಂಡಕ್ಕಿ ಉದುರಿದವು. ತಂತಿ ಕಿತ್ತು ಮತ್ತೆ ಫೋನು.

"ಅಣ್ಣಾ, ಪಾಸ್‌ವರ್ಡ್ ಬೀಳ್ತಾನೇ ಇಲ್ಲ."

"ಬೀಳ್ತೈತಿ ತಂಗಿ, ಕಾಣಂಗಿಲ್ಲ ಅಷ್ಟ. ಯಾರಿಗೂ ಕಾಣಬಾರ್ದಂತ ಹಂಗ ಮಾಡ್ಯಾರ. ನೀವು ಕಣ್ಣು ಮುಚ್ಚಿ ಬರದು ಎಂಟರ್ ಹೊಡೀರಿ."

"ಕಾಣದೇ ಇದ್ರೆ ಬಿದ್ದಿದೆ ಅಂತ ನಂಬೋದು ಹೇಗೆ?"

"ನಂಬಬೇಕ್ರಿ, ಏನ್ ಮಾಡ್ತೀರಿ ಮತ್ತ," ಎಂದು ಅವನು ನಕ್ಕ. "ಅಷ್ಟು ಅರ್ಜೆಂಟ್ ಏನೈತಿ ಅದರಾಗ?"

"ಏನಿಲ್ಲ. ಅಡುಗೆದೊಂದು ನೋಡಬೇಕಿತ್ತು," ಎಂದಳು.

ಭಾನುವಾರ ಫೈಲುಗಳೆಲ್ಲ ಇಳಿಯತೊಡಗಿದವು. ಹಳೆಯ ಪೆಟ್ಟಿಗೆ ದಿನವೆಲ್ಲ ಗೊರಗೊರ ಎಂದಿತು. ಬಾಗಿಲಲ್ಲಿ ನಿಂತು ನೋಡಿದ ಗಾದೆಮ್ಮ ಬ್ರೌಸರಿನ ಗುರುತಿನ ನರಿಯನ್ನು ಕಂಡು, "ನರಿ ಮಾರಿ ನೋಡಿದ್ರ ಚೊಲೋ ಆಕ್ಕೈತಿ, ಬಿಡು," ಎಂದಳು. ಸೋಮವಾರ ಬೆಳಿಗ್ಗೆ ಗಂಡ ಬಸ್ಸಿಗೆ ಹೋದ ಮೇಲೆ ಇಳಿಯುವುದು ಮುಗಿದು ಕೂಡಿಸುವುದು ಶುರುವಾಯಿತು. ಹಳೆಯದನ್ನು ತೆಗೆಯುತ್ತಿದ್ದೇನೆ, ಹೊಸದನ್ನು ಬಿಚ್ಚುತ್ತಿದ್ದೇನೆ ಎಂದು ಪರದೆ ಸಾಲು ಸಾಲಾಗಿ ಹೇಳುತ್ತಿತ್ತು. ಎಷ್ಟೋ ದಿನದ ಮೇಲೆ ಸಂಗೀತಾಳ ಎದೆ ಹಗುರಾಯಿತು. ಮಗನನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ಎಣ್ಣೆ ಹಚ್ಚಿ ಎರೆದು ಬಂದಳು.

ಪರದೆ ಕತ್ತಲಾಗಿತ್ತು. ಪೆಟ್ಟಿಗೆಯ ನೆತ್ತಿಗೆ ಮೂರು ಬೆರಳ ವಿಭೂತಿ.

"ಅತ್ತೆ! ಇದನ್ನ ಯಾರು ಆರಿಸಿದ್ದು?"

"ನಾನವ್ವ," ಎಂದಳು ಗಾದೆಮ್ಮ, ಏನೋ ಒಳ್ಳೆಯ ಕೆಲಸ ಮಾಡಿದವಳ ದನಿಯಲ್ಲಿ. "ನಿನ್ನಿಯಿಂದ ಏದುಸಿರು ಬಿಡಾಕ ಹತ್ತಿತ್ತು, ಪಾಪ. ಇವತ್ತು ಸೋಮಾರ, ಬಸವಣ್ಣನ ವಾರ. ಎತ್ತಿಗೆ ನೊಗ ಇಡಂಗಿಲ್ಲ ನಾವು. ಇದೂ ದುಡಿಯೋ ಜೀವನ ಅಲ್ಲೇನು? ಒಂದಿನ ಆರಾಮ ಇರ್ಲಿ ಅಂತ ಗುಂಡಿ ಮ್ಯಾಲ ಮಾಡಿ, ಇಬತ್ತಿ ಹಚ್ಚಿದೆ."

"ಅದು ಎತ್ತಲ್ಲ ಅತ್ತೆ! ಅರ್ಧದಲ್ಲಿ ಆರಿಸಬಾರದು ಅದನ್ನ! ಎಲ್ಲಾ ಹಾಳಾಯ್ತು!"

ಹಾಗೆ ಕೂಗಿದ್ದು ಅವಳಿಗೇ ಬೇರೆ ಯಾರೋ ಕೂಗಿದಂತೆ ಕೇಳಿಸಿತು. ಗಾದೆಮ್ಮನ ಮುಖ ಇಳಿಯಿತು. ಸೊಸೆ ಎಂದೂ ದನಿ ಎತ್ತಿದವಳಲ್ಲ. ಅವಳ ತೋಳಲ್ಲಿದ್ದ ಚನ್ನು ಮಾತ್ರ ಒದ್ದೆ ಕೂದಲಲ್ಲಿ ಬೆರಳಾಡಿಸುತ್ತ ತಣ್ಣಗಿದ್ದ. ಕೂಗಿಗೆ ಬೆಚ್ಚಲಿಲ್ಲ. ಅಮ್ಮನ ಮುಖ ನೋಡಿದ ಮೇಲೆ ತುಟಿ ಸೊಟ್ಟ ಮಾಡಿದ.

"ಅಂಥದ್ದು ಅದರಾಗ ಏನೈತವ್ವ?" ಗಾದೆಮ್ಮ ಮೆಲ್ಲಗೆ ಕೇಳಿದಳು. "ಊಟ ಬಿಟ್ಟೀದಿ, ನಿದ್ದಿ ಬಿಟ್ಟೀದಿ. ಆ ನರಿ ಬರಲಿಲ್ಲಂದ್ರ ನಮ್ಮ ಮನಿಗೆ ಏನ್ ಕಮ್ಮಿ ಆಕ್ಕೈತಿ?"

ಹೇಳಲು ಬಾಯಿ ತೆರೆದಳು. "ಏನಿಲ್ಲ ಅತ್ತೆ," ಎಂದು ಮಗನನ್ನು ಒರೆಸತೊಡಗಿದಳು.

ಗುಂಡಿ ಕೆಳಗೆ ಮಾಡಿ ನೋಡಿದರೆ ಪೆಟ್ಟಿಗೆ ಎದ್ದಿತು, ಆದರೆ ಹಳೆಯ ಬ್ರೌಸರೂ ಇಲ್ಲ, ಹೊಸದೂ ಇಲ್ಲ. ಗುರುತಿನ ಮೇಲೆ ಒತ್ತಿದರೆ ಏನೂ ತೆರೆಯದು. ಮೊದಲಾದರೆ ಬೂದು ಚೌಕವಾದರೂ ಕಾಣುತ್ತಿತ್ತು. ಈಗ ಅದೂ ಹೋಯಿತು. ಕರಿಯ ಪರದೆಯಲ್ಲಿ ಮತ್ತೆ ಅಪ್ಪಣೆ ಬರೆದರೆ, ಹಿಂದಿನ ಕೆಲಸ ಅರ್ಧಕ್ಕೆ ನಿಂತಿದೆ, ಮೊದಲು ಅದನ್ನು ಕೈಯಾರೆ ಮುಗಿಸಿ ಎಂದಿತು. ಹೇಗೆ ಮುಗಿಸುವುದೆಂದು ತಿಳಿಯದೆ ಇನ್ನೊಂದು ಪರದೆ ತೆರೆದಳು, ಮತ್ತೊಂದು ತೆರೆದಳು. ಅದು ಈಗ ಬೇರೆ ಹಟ ಹಿಡಿಯಿತು. ಬೀಗ ಇನ್ನೊಬ್ಬರ ಕೈಯಲ್ಲಿದೆ, ಅವರು ಬಿಡುವವರೆಗೆ ಕಾಯಿರಿ ಎಂದಿತು. ಮನೆಯಲ್ಲಿ ಇನ್ನೊಬ್ಬರು ಯಾರು? ಕಾದಳು. ಮಂಗಳವಾರವೆಲ್ಲ ಕಾದಳು. ಬಟ್ಟೆ ಒಗೆಯುತ್ತ ಕಾದಳು, ರೊಟ್ಟಿ ಬಡಿಯುತ್ತ ಕಾದಳು. ಶ್ರೀನಾಥ ಪರೀಕ್ಷೆಯ ಕೆಲಸಕ್ಕೆ ಊರಾಚೆ ಹೋಗಿದ್ದ. ರೊಟ್ಟಿ ಬಡಿಯುವಾಗ ಚನ್ನು ಬಂದು ಅವಳ ಬೆನ್ನಿಗೆ ಕೆನ್ನೆಯಿಟ್ಟು ನಿಂತ. ಪ್ರತಿ ಬಡಿತಕ್ಕೂ ಮೈಯೆಲ್ಲ ನಗುತ್ತಿದ್ದ. ಕೇಳುತ್ತಿದೆ ಎಂದು ಅವಳ ಜೀವ ಹಿಗ್ಗಿತು. ಆ ಆಸೆಯೊಂದೇ ಅವಳಿಗೆ ಆ ದಿನದ ಊಟ.

ಬುಧವಾರ ಮಧ್ಯಾಹ್ನ ಶ್ರೀನಾಥ ಸಿಕ್ಕ.

"ಎಷ್ಟು ಪರದಿ ತಗದೀರಿ ತಂಗಿ?"

"ಮೂರೋ ನಾಲ್ಕೋ."

"ಹಂಗಾದ್ರ ಆ ಇನ್ನೊಬ್ಬರು ನೀವ ಅದೀರಿ!" ಅವನು ಗಟ್ಟಿಯಾಗಿ ನಕ್ಕ. "ನಿಮ್ಮ ಬೀಗ ನೀವ ಹಿಡಕೊಂಡು, ಬಿಡ್ರಿ ಬಿಡ್ರಿ ಅಂತ ನೀವ ಕೂಗಾಕ ಹತ್ತೀರಿ. ಎಲ್ಲಾ ಮುಚ್ಚಿ ಒಂದ ಇಟ್ಟುಕೋರಿ. ಈಗ ಇಂಟರ್ನೆಟ್ ಬೇಕಾಗಿಲ್ಲ, ಫೈಲು ಎಲ್ಲಾ ಒಳಗ ಅದಾವು. ಫೋನ್ ಇಡಬ್ಯಾಡ್ರಿ, ನಾ ಹೇಳ್ದಂಗ ಬರೀರಿ."

ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಹಿಡಿದು ಬರೆದಳು. ತಪ್ಪು ಎಂದಿತು. "ನಡುವ ಜಾಗ ಬಿಟ್ರೇನು?" ಬಿಟ್ಟಿರಲಿಲ್ಲ. ಮತ್ತೆ ಬರೆದಳು. ಆಗ ಒಮ್ಮೆಲೆ ಸಾಲುಗಳು ಓಡತೊಡಗಿದವು.

"ಓಡ್ತಿದೆ ಅಣ್ಣಾ."

"ಓಡ್ಲಿ ಬಿಡ್ರಿ. ನಿಂತ ಮ್ಯಾಲ ಅಡುಗಿ ನೋಡಿ ಮಾಡ್ರಿ, ನಮಗೂ ಒಂದು ಡಬ್ಬಿ ಕಳಸ್ರಿ."

ಸಾಲುಗಳು ನಿಂತವು. ನರಿಯ ಗುರುತಿನ ಮೇಲೆ ಒತ್ತಿದಳು. ತುಸು ತಡೆದು ಕಿಟಕಿ ತೆರೆಯಿತು. ತಂತಿ ಸಿಕ್ಕಿಸಿ ಡಾಕ್ಟರ ಪುಟಕ್ಕೆ ಹೋದಳು. ಬೂದು ಚೌಕಗಳಿದ್ದ ಕಡೆ ಹಸಿರು ಹಕ್ಕಿ, ಹಳದಿ ಗಂಟೆ, ನಾಲಿಗೆ ಚಾಚಿದ ನಾಯಿ, ಕೆಂಪು ಡೋಲು. ಗೆದ್ದೆ ಎನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ದಿನ ಈ ಪೆಟ್ಟಿಗೆಯ ಮೇಲೆ ಸಿಟ್ಟು ಮಾಡುವುದಾದರೂ ಇತ್ತು.

ಚನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಯಿಯನ್ನು ಒತ್ತಿದಳು. ಬೊಗಳಿತು. ಚನ್ನು ಕೈ ಚಾಚಿ ಖುಷಿಯಿಂದ ಚೀರಿದ. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ, ಅವನು ಕೈ ಚಾಚಿದ್ದು ಚಿತ್ರಕ್ಕೆ ಎಂಬುದು ತಲೆಗೆ ಹೋಯಿತು. ಅವನನ್ನು ಇಳಿಸಿ, ಪರದೆಗೆ ಬೆನ್ನಾಗಿ ನೆಲದ ಮೇಲೆ ಕೂರಿಸಿ, ಕೈಗೆ ಬೆಂಕಿಪೆಟ್ಟಿಗೆ ಕೊಟ್ಟು, ಮತ್ತೆ ಒತ್ತಿದಳು. ನಾಯಿ. ಗಂಟೆ. ಹಕ್ಕಿ. ಅವನು ಕಾಳು ತುಂಬುತ್ತಿದ್ದ. ಸದ್ದನ್ನು ತುದಿಯವರೆಗೂ ಏರಿಸಿ ಡೋಲು ಒತ್ತಿದಳು. ಕಿಟಕಿಯ ಸರಳುಗಳು ನಡುಗಿದವು.

"ಏನ್ ಬಡೀತಿಯವ್ವ, ಮಾಳಿಗಿ ಬೀಳ್ತೈತಿ!" ಎನ್ನುತ್ತ ಗಾದೆಮ್ಮ ಬಂದಳು. ಅಜ್ಜಿಯ ಸೆರಗು ಕಣ್ಣಿಗೆ ಬಿದ್ದು ಚನ್ನು ಎದ್ದ. ಎದ್ದವನು ಮೇಜು ಹಿಡಿದು ನಿಂತು, ಕಂಪ್ಯೂಟರಿನ ಪಕ್ಕದ ಸ್ಪೀಕರಿನ ಮೇಲೆ ಅಂಗೈ ಇಟ್ಟ. ಇಟ್ಟವನೇ ಕಿಲಕಿಲ ನಕ್ಕ.

"ನೋಡು, ನೋಡು! ನನ್ನ ಬಂಗಾರ ಹೆಂಗ ನಗ್ತಾನ! ಡೋಲಿನ ತಾಳ ಹಿಡದಾನ ನೋಡು!"

ಸಂಗೀತಾ ಮೆಲ್ಲಗೆ ಅವನ ಕೈಯನ್ನು ಸ್ಪೀಕರಿನಿಂದ ಎತ್ತಿದಳು. ಡೋಲು ಬಡಿಯುತ್ತಲೇ ಇತ್ತು. ನಗು ನಿಂತಿತು. ಅವನು ಅಮ್ಮನ ಮುಖ ನೋಡಿ, ಕೈ ಬಿಡಿಸಿಕೊಂಡು, ಮತ್ತೆ ಸ್ಪೀಕರಿನ ಮೇಲಿಟ್ಟ. ನಕ್ಕ. ಅವಳು ಮತ್ತೆ ಎತ್ತಿದಳು. ನಗು ನಿಂತಿತು.

"ಯಾಕ ಕೈ ತಗೀತಿ? ಆಡ್ಲಿ ಬಿಡು, ಕೂಸು..." ಎನ್ನುತ್ತಿದ್ದ ಗಾದೆಮ್ಮನ ಮಾತು ನಡುವೆಯೇ ತುಂಡಾಯಿತು. ಅವಳು ಮೊಮ್ಮಗನ ಹಿಂದೆ ಬಂದು ಒಮ್ಮೆ ಚಪ್ಪಾಳೆ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಆಮೇಲೆ ಹೊಸ್ತಿಲ ಹತ್ತಿರ ಹೋಗಿ ಕೂತಳು.

"ಮಿಶನ್ನ ಕೆಟ್ಟಿರಬೇಕು ನೋಡವ್ವ," ಎಂದಳು. "ಸೋಮಾರ ನಾ ಆರಿಸಿದ್ನಲ್ಲ, ಅದಕ್ಕ ಹಿಂಗಾಗೇತಿ. ಆ ಶ್ರೀನಾಥನ್ನ ಕೇಳು. ಬಂದು ಸರಿ ಮಾಡಿಕೊಡ್ತಾನ."

"ಇಲ್ಲ ಅತ್ತೆ. ಈಗ ಮಿಶನ್ ಸರಿಯಾಗಿದೆ."

"ಏನಾಗಂಗಿಲ್ಲ ಬಿಡು. ಉಚ್ಚಂಗೆಮ್ಮಗ ಹರಕಿ ಹೊರತೀನಿ," ಎಂದಳು ಗಾದೆಮ್ಮ. ಸೆರಗಿನ ತುದಿ ಬಾಯೊಳಗಿತ್ತು, ಮಾತು ಸರಿಯಾಗಿ ಹೊರಡಲಿಲ್ಲ.

ಸಂಗೀತಾ ಡೋಲು ನಿಲ್ಲಿಸಿದಳು. ಪುಟದ ತುದಿಯಲ್ಲಿ ಡಾಕ್ಟರ ಫೋನ್ ನಂಬರಿತ್ತು. ಬೂದು ಚೌಕಗಳಿದ್ದ ದಿನವೂ ಅದು ಅಲ್ಲೇ ಇತ್ತು, ಅದನ್ನು ನೋಡಲು ಹೊಸ ಬ್ರೌಸರ್ ಬೇಕಿರಲಿಲ್ಲ. ಅವಳ ಕಣ್ಣು ಅದರ ಮೇಲೆ ಹಾದು ಹೋಗಿರಲೂಬೇಕು. ಗಂಡ ಬರಲಿ, ಕೇಳಿ ಮಾಡೋಣ ಎಂದುಕೊಂಡಳು. ಬಂದರೆ, ನಾಳೆ ನೋಡೋಣ ಎನ್ನುತ್ತಾನೆ. ನಾಳೆ ಎಂದರೆ ತಾನೂ ಹೂಂ ಎನ್ನುತ್ತೇನೆ. ಹಾಗೆ ಎನ್ನುವುದು ತನಗೆ ಎಷ್ಟು ಸುಲಭವೆಂದು ಅವಳಿಗೆ ಗೊತ್ತಿತ್ತು.

ಇಂಟರ್ನೆಟ್ ತಂತಿ ಕಿತ್ತು ಫೋನಿಗೆ ಸಿಕ್ಕಿಸಿದಳು. ಮೊದಲ ಸಲ ನಂಬರು ತಪ್ಪು ಒತ್ತಿದಳು. ಎರಡನೆಯ ಸಲ ಗಂಟೆ ಹೋಯಿತು. ಯಾರೂ ಎತ್ತದಿದ್ದರೆ ಸಾಕಪ್ಪಾ ಎಂದು ಒಂದು ಗಳಿಗೆ ಬೇಡಿಕೊಂಡಳು. ಎತ್ತಿದರು. ಹೆಂಗಸಿನ ದನಿ.

"ಹೇಳಿ."

"ಕೊಟ್ಟೂರಿಂದ ಮಾತಾಡ್ತಿದೀನಿ. ಮಗು ತೋರಿಸಬೇಕಿತ್ತು. ಎರಡು ವರ್ಷ ತುಂಬಿದೆ."

"ಏನು ತೊಂದರೆ?"

"ಮಾತು ಬಂದಿಲ್ಲ."

"ಹೆಸರು ಹಿಡಿದು ಕರೆದರೆ ತಿರುಗುತ್ತಾ?"

ಚನ್ನು ಕಿಟಕಿಯ ಬಳಿ ನಿಂತು ಸರಳಿಗೆ ನಾಲಿಗೆ ತಾಗಿಸಿ ನೋಡುತ್ತಿದ್ದ. ಹೊಸ್ತಿಲಲ್ಲಿ ಕೂತ ಗಾದೆಮ್ಮ, ಬೇಡ ಎಂದು ಹೇಳುವಂತೆ ಸೊಸೆಯ ಕಡೆ ಕೈ ಎತ್ತಿದ್ದಳು. ಕೈ ಅಲ್ಲೇ ನಿಂತಿತ್ತು.

"ಇಲ್ಲ," ಎಂದಳು ಸಂಗೀತಾ. "ಕೇಳಿಸಲ್ಲ ಅವನಿಗೆ."

"ಸರಿ. ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ. ಬಸ್ಸಲ್ಲಿ ಮಲಗಿಸಬೇಡಿ, ಇಲ್ಲಿ ಬಂದ ಮೇಲೆ ಮಲಗಿಸಿ, ನಿದ್ದೆಯಲ್ಲೇ ಕಿವಿ ಪರೀಕ್ಷೆ ಮಾಡಬೇಕಾಗುತ್ತೆ."

ತಡವಾಗಿಲ್ಲ ಅಲ್ವಾ ಎಂದು ಕೇಳಬೇಕೆಂದಿದ್ದಳು. ಬಾಯಿಂದ ಬಂದದ್ದು, ಬಸ್‌ಸ್ಟ್ಯಾಂಡಿನಿಂದ ನಿಮ್ಮಲ್ಲಿಗೆ ಹೇಗೆ ಬರಬೇಕು ಎಂಬ ಮಾತು. ಆ ಹೆಂಗಸು ದಾರಿ ಹೇಳತೊಡಗಿದಳು. ದಾವಣಗೆರೆಯಲ್ಲೇ ಹುಟ್ಟಿ ಬೆಳೆದ ಸಂಗೀತಾ, ಹೊಸಬಳಂತೆ, ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು.